ರಾತ್ರಿ ಆಟದ ಫೋಟೊಗೆ ಹಳೇ ಕ್ಯಾಮೆರಾ ಸಾಕಾ?

ಹೋದ ವರ್ಷ ಪತ್ತನಾಜೆಗೆ (ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ) ಇನ್ನೊಂದು ವಾರ ಇದೆ ಅನ್ನುವಾಗ ಒಂದು ಯಕ್ಷಗಾನ ಬಯಲಾಟಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗ ತನ್ನ ಕ್ಯಾನನ್ 550ಡಿ ತೋರಿಸಿ ಕೇಳಿದ: "ಸರ್, ಇದು ಅಣ್ಣ ಕೊಟ್ಟದ್ದು, 2010ರ ಮಾಡೆಲ್. ಫೋಟೊ ಎಲ್ಲ ಅಲುಗಿದ ಹಾಗೆ ಬರ್ತದೆ. ಒಂದೂವರೆ ಲಕ್ಷ ಹಾಕಿ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ತಗೊಳ್ಬೇಕಾ?"

ಹಿಂದಿನ ಸ್ಕ್ರೀನ್ ನೋಡಿದೆ. ಆಟೊ ಮೋಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800, ಶಟರ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು) 1/15 ಸೆಕೆಂಡ್. ರಂಗದ ಮೇಲೆ ಪುಂಡುವೇಷದವರು ಧಿಗಿಣ (ಹಾರಿ ಹಾರಿ ಸುತ್ತುವ ಕುಣಿತ) ಹಾಕ್ತಿದ್ದಾರೆ! 1/15ರಲ್ಲಿ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಕೊಟ್ಟರೂ ಬರುವುದು ಅದೇ ಅಲುಗಿದ ಫೋಟೊ. ಐಎಸ್‌ಒ 3200ಕ್ಕೆ ಏರಿಸಿ, ಶಟರ್ 1/60ಕ್ಕೆ ತಂದು ಕೊಟ್ಟೆ. ಕುಣಿತ ಆಗಲೂ ಅಲುಗಿತು, ಆದರೆ ನಿಂತು ಅರ್ಥ (ಪಾತ್ರದ ಮಾತು) ಹೇಳುವಾಗಿನ ಫೋಟೊಗಳು ಸರಿಯಾಗಿ ಬಂದವು. ಅವನ ಒಂದೂವರೆ ಲಕ್ಷ ಅವತ್ತಿಗಂತೂ ಉಳಿಯಿತು.

ನಾನೂ ಅವನ ಜಾಗದಲ್ಲಿ ಇದ್ದವನೇ. ನನ್ನದು ನಿಕಾನ್ ಡಿ90. 2008ರ ಮಾಡೆಲ್, 12 ಮೆಗಾಪಿಕ್ಸೆಲ್, ಜೊತೆಗೆ ಬಂದ 18-105 ಕಿಟ್ ಲೆನ್ಸ್. ಕ್ಯಾಮೆರಾ ಬದಲಿಸಬೇಕೋ ಬೇಡವೋ ಅಂತ ಮೇಳದ ಎರಡು ತಿರುಗಾಟ ಮುಗಿಯುವಷ್ಟು ಕಾಲ ಯೋಚನೆ ಮಾಡಿದ್ದೇನೆ. ಆಗ ಯಾರಾದರೂ ಇದೇ ಕ್ರಮದಲ್ಲಿ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಯಕ್ಷಗಾನ ಅಲ್ಲ, ಮದುವೆ ಮನೆ, ನಾಟಕ, ಭೂತಕೋಲ, ಮಕ್ಕಳ ಡ್ಯಾನ್ಸ್ ಅಂದರೂ ಲೆಕ್ಕ ಹೆಚ್ಚುಕಡಿಮೆ ಇದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ತೆಗೆಯುವುದು ಕದಲದ ವಸ್ತುವಾದರೆ ಹೊಸ ಕ್ಯಾಮೆರಾ ಯೋಚನೆ ಇಲ್ಲಿಗೇ ಬಿಡಿ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕಿದಾಗ ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಟ್ರೈಪಾಡ್, ಐಎಸ್‌ಒ 200, ಎರಡು ಸೆಕೆಂಡಿನ ಟೈಮರ್, ಅಷ್ಟೇ. ಹದಿನೈದು ವರ್ಷದ ಕ್ಯಾಮೆರಾದಲ್ಲೂ ಗೋಡೆಗೆ ಹಾಕುವಂಥ ಫೋಟೊ ಬರುತ್ತದೆ. ತಲೆನೋವು ಶುರುವಾಗುವುದು ಎದುರಿಗಿರುವವರು ಕುಣಿಯುವಾಗ.

ಕೆಟ್ಟ ಫೋಟೊಗಳನ್ನು ಮೂರು ರಾಶಿ ಮಾಡಿ

ಚೆನ್ನಾಗಿ ಬಂದದ್ದನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಕೆಟ್ಟವು. ಕಳೆದ ಒಂದೆರಡು ರಾತ್ರಿಯ ಫೋಟೊ ಡಿಲೀಟ್ ಮಾಡದೆ ಕಂಪ್ಯೂಟರಿಗೆ ಹಾಕಿ. ಒಂದೊಂದನ್ನೇ ಪೂರ್ತಿ ದೊಡ್ಡದು ಮಾಡಿ ನೋಡಿ, ಮೂರು ಫೋಲ್ಡರಿಗೆ ಹಾಕುತ್ತಾ ಹೋಗಿ: ಅಲುಗಿದ್ದು, ಕಾಳುಕಾಳಾದದ್ದು, ಫೋಕಸ್ ತಪ್ಪಿದ್ದು.

ಗುರುತು ಹಿಡಿಯುವುದು ಕಷ್ಟವಲ್ಲ. ಹಿಂದಿನ ಪರದೆ, ರಂಗದ ಕಂಬ ಎಲ್ಲ ಚೊಕ್ಕವಾಗಿವೆ, ವೇಷದವರ ಕೈ ಮತ್ತು ಗೆಜ್ಜೆ ಮಾತ್ರ ಎಳೆದ ಹಾಗಿವೆ ಅಂದರೆ ಅವರು ಅಲುಗಿದ್ದಾರೆ, ನಿಮ್ಮ ಶಟರ್ ಸಾಲಲಿಲ್ಲ. ಪರದೆ, ಕಂಬ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಅಲುಗಿದ್ದು ನಿಮ್ಮ ಕೈ. ಭಾಗವತರ ಮುಂದಿನ ಮೈಕು ಸೂಜಿಯಂತೆ ಚೂಪಾಗಿದೆ, ವೇಷದ ಮುಖ ಮಂಜು ಮಂಜು ಅಂದರೆ ಫೋಕಸ್ ಬೇರೆ ಕಡೆ ಕೂತಿದೆ. ಎಲ್ಲ ಸರಿ ಇದ್ದು ಕಪ್ಪು ಜಾಗದಲ್ಲಿ ಕೆಂಪು-ಹಸಿರು ಚುಕ್ಕಿ ಮೆತ್ತಿಕೊಂಡಿದ್ದರೆ ಅದು ನಾಯ್ಸ್.

ಹೊಸ ಕ್ಯಾಮೆರಾ ಬೇಕು ಅನ್ನುವವರೆಲ್ಲ ಹೆಚ್ಚಾಗಿ ಬಯ್ಯುವುದು ಈ ನಾಯ್ಸನ್ನು. ನಾನೂ ಬಯ್ಯುತ್ತಿದ್ದೆ. ರಾಶಿ ಮಾಡಿ ನೋಡಿದರೆ ನನ್ನ ಕೆಟ್ಟ ಫೋಟೊಗಳಲ್ಲಿ ಮುಕ್ಕಾಲು ಪಾಲು ಅಲುಗಿದ್ದೇ! ನಾಯ್ಸಿನ ರಾಶಿ ಮೂರರಲ್ಲಿ ಚಿಕ್ಕದು. ನಾಯ್ಸಿಗೆ ಹೆದರಿ ಐಎಸ್‌ಒ ಕಮ್ಮಿ ಇಟ್ಟು, ಅದರಿಂದ ಶಟರ್ ನಿಧಾನವಾಗಿ, ಫೋಟೊ ಹಾಳು ಮಾಡಿಕೊಂಡದ್ದು ನಾನೇ. ಕಾಳು ಬಿದ್ದ ಫೋಟೊವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ್ದನ್ನು ಯಾರೂ ಸರಿ ಮಾಡಲಾರರು.

ನಿಮ್ಮ ಯಾವ ರಾಶಿ ದೊಡ್ಡದು ಅಂತ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಪುಕ್ಕಟೆ ಸಿಗುವುದನ್ನು ಮೊದಲು ಬಾಚಿಕೊಳ್ಳಿ

ರಾತ್ರಿ ಆಟದಲ್ಲಿ ಕ್ಯಾಮೆರಾ ಮೋಸ ಹೋಗುವ ಒಂದು ಜಾಗವಿದೆ. ರಂಗದ ಮೇಲೆ ಬೆಳಕು, ಹಿಂದೆ ಕಪ್ಪು ಆಕಾಶ ಇಲ್ಲವೇ ಕಡು ಬಣ್ಣದ ಪರದೆ. ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕು ಅಳೆಯುತ್ತದೆ. "ಅಯ್ಯೋ, ಏನು ಕತ್ತಲು!" ಅಂತ ಅಂದುಕೊಂಡು ಶಟರನ್ನು ಬೇಕಾದ್ದಕ್ಕಿಂತ ನಿಧಾನ ಮಾಡುತ್ತದೆ. ಪರಿಣಾಮ: ಕಪ್ಪಾಗಿ ಇರಬೇಕಾದ ಪರದೆ ಬೂದಿ ಬಣ್ಣ, ಮುಖದ ಬಿಳಿ ಚಿಟ್ಟಿ (ಮುಖದ ಮೇಲೆ ಇಡುವ ಉಬ್ಬು ಚುಕ್ಕಿ) ಪೂರ್ತಿ ಬೆಳ್ಳಗೆ ಸುಟ್ಟುಹೋದದ್ದು, ಮೇಲಿಂದ ಅಲುಗಿದ್ದು ಬೇರೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಬಟನ್ ಒತ್ತಿ ಮೈನಸ್ 1ಕ್ಕೆ ಇಳಿಸಿ. ಅಷ್ಟರಲ್ಲೇ 1/60 ಇದ್ದ ಶಟರ್ 1/125 ಆಗುತ್ತದೆ. ಫೋಟೊ ತೆಗೆದು ಮುಖವನ್ನು ದೊಡ್ಡದು ಮಾಡಿ ನೋಡಿ. ಚಿಟ್ಟಿಯ ಚುಕ್ಕಿಗಳು ಬೇರೆ ಬೇರೆಯಾಗಿ ಕಂಡರೆ ಬೆಳಕು ಸರಿ ಇದೆ.

ರಂಗದ ಬೆಳಕು ಆಗಾಗ ಬದಲಾಗುವುದಿಲ್ಲವಾದರೆ ಮ್ಯಾನುವಲ್ ಮೋಡ್ ಇನ್ನೂ ಒಳ್ಳೆಯದು. ಆಟ ಶುರುವಾಗುವಾಗ ಹಾಕುವ ಕೋಡಂಗಿ, ಬಾಲಗೋಪಾಲರ ಹೊತ್ತಲ್ಲಿ ಒಮ್ಮೆ ಅಳತೆ ಹಾಕಿ ಇಟ್ಟರೆ ಬೆಳಿಗ್ಗೆವರೆಗೆ ಬಹುತೇಕ ಅದೇ ಸಾಕು.

ಶಟರ್ ಎಷ್ಟಿರಬೇಕು? ನನ್ನ ಲೆಕ್ಕ ಹೀಗೆ. ನಿಂತು ಅರ್ಥ ಹೇಳುವಾಗ 1/125. ಸಾಧಾರಣ ಕುಣಿತಕ್ಕೆ 1/250. ಧಿಗಿಣಕ್ಕೆ, ಬಡಗುತಿಟ್ಟಿನವರ ಮಂಡಿ ಕುಣಿತಕ್ಕೆ 1/500 ಇದ್ದರೆ ಖುಷಿ. ಅಷ್ಟು ಸಿಗದಿದ್ದರೆ ಸಮಯ ನೋಡಿ ಹೊಡೆಯಬೇಕು. ಹಾರಿದವರು ಮೇಲೆ ಮುಟ್ಟಿ ಕೆಳಗೆ ಬರುವ ಮುಂಚೆ ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗೆ ಇರುತ್ತಾರೆ. ಚೆಂಡೆ-ಮದ್ದಳೆಯ ಬಿಡ್ತಿಗೆಯ ಕೊನೇ ಪೆಟ್ಟಿಗೆ ಕುಣಿತ ಕಚ್ಚಿ ನಿಲ್ಲುತ್ತದೆ. ಚೆಂಡೆ ಕೇಳುವ ಕಿವಿ ಇದ್ದರೆ 1/160ರಲ್ಲೂ ಒಳ್ಳೆ ಫೋಟೊ ಸಿಗುತ್ತದೆ. ಇದು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಲೆನ್ಸಿನಲ್ಲಿ ವಿಆರ್ ಇದೆ, ಐಎಸ್ ಇದೆ, ಆದರೂ ಯಾಕೆ ಅಲುಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಅದು ಹಿಡಿದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು. ಮಹಿಷಾಸುರನನ್ನು ಹಿಡಿದು ನಿಲ್ಲಿಸುವುದಿಲ್ಲ.

ಇನ್ನೊಂದು, ಜೆಪೆಗ್ ಬಿಟ್ಟು ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಕಚ್ಚಾ ಫೈಲ್) ತೆಗೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಫ್ಲ್ಯಾಶ್ ಬಗ್ಗೆ ಮಾತಾಡುವುದೇ ಇಲ್ಲ. ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಕಣ್ಣಿಗೆ ಬೆಳಕು ಚುಚ್ಚಿ ಅವರ ಹೆಜ್ಜೆ ತಪ್ಪಿಸುವ ಫೋಟೊ ಯಾರಿಗೂ ಬೇಡ, ಅಲ್ವಾ.

ಕ್ಯಾಮೆರಾ ಬಾಡಿಗಿಂತ ಮುಂಚೆ ಲೆನ್ಸ್

ಈ ಭಾಗ ಸ್ವಲ್ಪ ಉದ್ದ, ಯಾಕೆಂದರೆ ದುಡ್ಡು ಉಳಿಯುವುದು ಇಲ್ಲಿಯೇ.

ಬೆಳಕನ್ನು ಸ್ಟಾಪ್‌ಗಳಲ್ಲಿ ಎಣಿಸುತ್ತಾರೆ. ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು, ಎರಡು ಸ್ಟಾಪ್ ಅಂದರೆ ನಾಲ್ಕು ಪಟ್ಟು, ಮೂರು ಅಂದರೆ ಎಂಟು ಪಟ್ಟು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಜೂಮ್ ಮಾಡಿದರೆ ಬಾಯಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಮೂರಕ್ಕೂ ಜಾಸ್ತಿ ಸ್ಟಾಪ್.

ನನ್ನ ಮಟ್ಟಿಗೆ ಇದರ ಅರ್ಥ ಏನಾಯಿತು ಗೊತ್ತಾ? ಐಎಸ್‌ಒ 3200ರಲ್ಲಿ ಕಿಟ್ ಲೆನ್ಸ್ 1/40 ಕೊಡುತ್ತಿದ್ದ ರಂಗದಲ್ಲಿ, ಅದೇ ಡಿ90ಗೆ 50 ಎಂಎಂ ಹಾಕಿದರೆ 1/400ರ ಹತ್ತಿರ ಬಂತು. ಅದೇ ಕ್ಯಾಮೆರಾ, ಅದೇ ಐಎಸ್‌ಒ. ಅಲುಗಿದ ರಾಶಿ ಒಂದೇ ರಾತ್ರಿಯಲ್ಲಿ ಕರಗಿತು.

ಇದೇ ಜಾಗದಲ್ಲಿ ಕ್ಯಾಮೆರಾ ಮಾತ್ರ ಬದಲಿಸಿದ್ದರೆ? ಫುಲ್‌ಫ್ರೇಮ್ ಸೆನ್ಸರ್ 36 x 24 ಮಿಲಿಮೀಟರ್. ಡಿ90ಯಂಥ ಕ್ಯಾಮೆರಾದ್ದು 23.6 x 15.8. ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು ದೊಡ್ಡದು, ಅಂದರೆ ಒಂದು ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಲಾಭ. ಸೆನ್ಸರ್ ತಂತ್ರಜ್ಞಾನ ಸುಧಾರಿಸಿದ್ದನ್ನೂ ಸೇರಿಸಿದರೆ ಒಂದೂವರೆಯಿಂದ ಎರಡು ಸ್ಟಾಪ್ ಅಂತ ಇಟ್ಟುಕೊಳ್ಳಿ. ಅದಕ್ಕೆ ಕಿಟ್ ಜೂಮಿನಂಥದೇ ಎಫ್/5.6 ಲೆನ್ಸ್ ಹಾಕಿದರೆ ಹಳೇ ಕ್ಯಾಮೆರಾ ಮತ್ತು ಎಫ್/1.8 ಜೋಡಿಯ ಮುಂದೆ ಸೋಲುತ್ತದೆ. ಖರ್ಚು ಮಾತ್ರ ಲೆನ್ಸಿನ ಹಲವು ಪಟ್ಟು.

ಲೆನ್ಸ್ ಕೊಳ್ಳುವಾಗ ಒಂದು ಎಚ್ಚರ. ನಿಕಾನಿನ ಹಳೇ 50 ಎಂಎಂ ಎಫ್/1.8ಡಿ ಲೆನ್ಸಿನೊಳಗೆ ಫೋಕಸ್ ಮೋಟಾರ್ ಇಲ್ಲ. ಅದನ್ನು ತಿರುಗಿಸುವ ಮೋಟಾರ್ ಕ್ಯಾಮೆರಾದಲ್ಲಿರಬೇಕು. ಡಿ90, ಡಿ7000ದಲ್ಲಿ ಇದೆ. ಡಿ3000, ಡಿ5000 ಸಾಲಿನವುಗಳಲ್ಲಿ ಇಲ್ಲ, ಅವಕ್ಕೆ ಒಳಗೇ ಮೋಟಾರ್ ಇರುವ 1.8ಜಿ ಬೇಕು. ಸೆಕೆಂಡ್‌ಹ್ಯಾಂಡ್‌ನಲ್ಲಿ 'ಡಿ' ಸೋವಿಗೆ ಸಿಕ್ಕಿತು ಅಂತ ತಂದು, ಕೈಯಲ್ಲಿ ಫೋಕಸ್ ಮಾಡುತ್ತಾ ಕೂತವರನ್ನು ನೋಡಿದ್ದೇನೆ. ಕ್ಯಾನನ್ನವರಿಗೆ ಈ ರಗಳೆ ಇಲ್ಲ. 2015ರಲ್ಲಿ ಬಂದ 50 ಎಂಎಂ ಎಫ್/1.8 ಎಸ್‌ಟಿಎಂ ಆ ಹುಡುಗನ 550ಡಿಗೂ ಸರಿಯಾಗಿ ಕೂರುತ್ತದೆ.

ಎಫ್/1.8ಕ್ಕೂ ಬೆಲೆ ತೆರಬೇಕು. ಡಿ90ಯಲ್ಲಿ 50 ಎಂಎಂ ಇಟ್ಟು ಐದು ಮೀಟರ್ ದೂರದಿಂದ ತೆಗೆದರೆ ಸುಮಾರು 70 ಸೆಂಟಿಮೀಟರ್ ಆಳ ಮಾತ್ರ ಚೊಕ್ಕವಾಗಿರುತ್ತದೆ. ಮೂರು ಮೀಟರಿಗೆ ಹೋದರೆ ಅದು 25 ಸೆಂಟಿಮೀಟರಿಗೆ ಇಳಿಯುತ್ತದೆ. ಮುಖ ಚೂಪಾಗಿ ಬಂದು, ಮುಂದೆ ಚಾಚಿದ ಬಿಲ್ಲಿನ ತುದಿ ಕರಗಿಹೋಗುತ್ತದೆ. ನನಗಂತೂ ಅದು ಇಷ್ಟ. ಇಬ್ಬರು ವೇಷದವರು ಹಿಂದೆ-ಮುಂದೆ ನಿಂತಾಗ ಮಾತ್ರ ಎಫ್/2.8ಕ್ಕೆ ಮುಚ್ಚಬೇಕಾಗುತ್ತದೆ.

ಕಾಳಿಗೆ ಸಾಫ್ಟ್‌ವೇರ್ ಮದ್ದು

ನಾಯ್ಸಿನ ರಾಶಿ ದೊಡ್ಡದಿದ್ದವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಫೋಟೊ ಎಲ್ಲಿ ನೋಡುತ್ತಾರೆ? ವಾಟ್ಸಾಪಲ್ಲಿ, ಫೋನಿನ ಸ್ಕ್ರೀನಲ್ಲಿ ಅಂದರೆ ಚಿಂತೆ ಬೇಡ. ಚಿತ್ರ ಚಿಕ್ಕದಾದಾಗ ಅರ್ಧ ಕಾಳು ಅಲ್ಲೇ ಮಾಯ. ಡಿ90ಯ 4288 x 2848 ಪಿಕ್ಸೆಲ್ ಅಂದರೆ 12 x 8 ಇಂಚಿನ ಪ್ರಿಂಟಿಗೆ ಧಾರಾಳ.

ಅದಕ್ಕಿಂತ ದೊಡ್ಡದು ಬೇಕಾದರೆ ರಾ ಫೈಲ್ ಈಗ ಕೆಲಸಕ್ಕೆ ಬರುತ್ತದೆ. ಅಡೋಬಿ ಲೈಟ್‌ರೂಮ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಎಐ ಡಿನಾಯ್ಸ್ ಬಂತು. ಡಿಎಕ್ಸ್‌ಒ ಪ್ಯೂರ್‌ರಾ ಅದಕ್ಕೂ ಮುಂಚೆ ಇತ್ತು. ಹದಿನೈದು ವರ್ಷ ಹಳೇ ರಾ ಫೈಲನ್ನು ಇವುಗಳಿಗೆ ಕೊಟ್ಟು ನೋಡಿ, ನಿಮ್ಮ ಕ್ಯಾಮೆರಾಗೆ ಪ್ರಾಯ ತಿರುಗಿ ಬಂದ ಹಾಗಿರುತ್ತದೆ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಪುಕ್ಕಟೆ ಇವೆ. ಅಷ್ಟು ಜಾದೂ ಇಲ್ಲ, ಆದರೂ ಸಾಕಷ್ಟು ಒಳ್ಳೆಯವು.

ಸ್ಲೈಡರನ್ನು ಪೂರ್ತಿ ಎಳೆಯಬೇಡಿ. ನಾನೊಮ್ಮೆ ಹಾಗೆ ಮಾಡಿ, ಬಣ್ಣದ ವೇಷದ ಮುಖದಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿಯೆಲ್ಲ ಕರಗಿ ಪ್ಲಾಸ್ಟಿಕ್ ಮುಖವಾಡದ ಹಾಗೆ ಆಗಿತ್ತು. ಅರ್ಧಕ್ಕೆ ನಿಲ್ಲಿಸಿ. ಸ್ವಲ್ಪ ಕಾಳು ಇದ್ದರೆ ರಾತ್ರಿಯ ಫೋಟೊಗೆ ಅವಮಾನವೇನೂ ಇಲ್ಲ.

ಇಷ್ಟಾದ ಮೇಲೂ ಬಾಡಿ ಬೇಕಾಗುವುದು ಯಾವಾಗ?

ನನಗೆ ಬೇಕಾಯಿತು. ನಾಯ್ಸಿಗಾಗಿ ಅಲ್ಲ, ಫೋಕಸಿಗಾಗಿ.

ಎಫ್/1.8 ಲೆನ್ಸ್ ಹಾಕಿದ ಮೇಲೆ ಅಲುಗಿದ ರಾಶಿ ಕರಗಿ, ಮೂರನೇ ರಾಶಿ ಬೆಳೆಯಿತು. ಆಳ ಕಮ್ಮಿಯಾದಾಗ ಫೋಕಸ್ ಸ್ವಲ್ಪ ತಪ್ಪಿದರೂ ಎದ್ದು ಕಾಣುತ್ತದೆ. ಡಿ90ಯಲ್ಲಿ 11 ಫೋಕಸ್ ಪಾಯಿಂಟ್ ಇವೆ, ಅವುಗಳಲ್ಲಿ ನಡುವಿನದ್ದು ಮಾತ್ರ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವ ಕ್ರಾಸ್ ಮಾದರಿಯದ್ದು. 550ಡಿಯ 9ರಲ್ಲೂ ನಡುವಿನದೇ ಗಟ್ಟಿ. ಕತ್ತಲಲ್ಲಿ ನಡುವಿನ ಪಾಯಿಂಟ್ ಮಾತ್ರ ಬಳಸಿ, ಕಿರೀಟದ ಅಂಚು, ಎದೆಪದಕ ಹೀಗೆ ಮಿನುಗುವ ಗೆರೆಗೆ ಇಟ್ಟು ಹೊಡೆದರೆ ತುಂಬ ಸುಧಾರಿಸುತ್ತದೆ. ಇದನ್ನೂ ಒಂದು ತಿಂಗಳು ಮಾಡಿ ನೋಡಿ.

ಅದು ಕೈಕೊಡುವುದು ದೊಂದಿ ಬೆಳಕಿನ ಆಟದಲ್ಲಿ. ಕರೆಂಟು ಬರುವ ಮುಂಚೆ ಆಟ ನಡೆಯುತ್ತಿದ್ದದ್ದು ಎಣ್ಣೆಯ ದೊಂದಿಗಳಲ್ಲಿ, ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು. ಈಗಲೂ ಕೆಲವು ಕಡೆ ಹಳೇ ಕ್ರಮ ನೆನಪಿಸಲು ದೊಂದಿಯಲ್ಲೇ ಆಡುತ್ತಾರೆ. ಬಣ್ಣದ ವೇಷ ಸಭೆಯ ನಡುವಿನಿಂದ ಆರ್ಭಟ ಕೊಡುತ್ತಾ ಬರುವಾಗ ದೊಂದಿಗೆ ರಾಳ ಎರಚುತ್ತಾರೆ. ಭುಗ್ ಅಂತ ಬೆಂಕಿ ಎದ್ದ ಅರೆಕ್ಷಣ ಮುಖ ಕಾಣುತ್ತದೆ, ಮತ್ತೆ ಕತ್ತಲು. ಡಿ90ಯ ಫೋಕಸ್ ಕೆಲಸ ಮಾಡುವುದು ಮೈನಸ್ 1 ಇವಿ (ಬೆಳಕಿನ ಅಳತೆ, ಒಂದು ಇವಿ ಅಂದರೆ ಒಂದು ಸ್ಟಾಪ್) ಬೆಳಕಿನವರೆಗೆ. 2014ರ ಡಿ750 ಮೈನಸ್ 3ರವರೆಗೆ ಹೋಗುತ್ತದೆ, ಅಂದರೆ ನಾಲ್ಕರಲ್ಲೊಂದು ಪಾಲು ಬೆಳಕಿದ್ದರೂ ಹಿಡಿಯುತ್ತದೆ. ಆಮೇಲಿನ ಮಿರರ್‌ಲೆಸ್‌ಗಳು ಇನ್ನೂ ಮುಂದೆ ಹೋಗಿವೆ. ನಿಮ್ಮ ಕೆಲಸ ಇಂಥ ಬೆಳಕಿನದ್ದಾದರೆ, ಮೂರನೇ ರಾಶಿ ದೊಡ್ಡದಾಗಿದ್ದರೆ, ಆಗ ಕ್ಯಾಮೆರಾ ಬದಲಿಸುವುದು ದುಂದಲ್ಲ.

ಕೊಳ್ಳುವ ಮುಂಚೆ ಒಂದು ರಾತ್ರಿಗೆ ಬಾಡಿಗೆಗೆ ತನ್ನಿ. ಬೆಂಗಳೂರು, ಮಂಗಳೂರಿನಂಥ ಊರಲ್ಲಿ ಸಿಗುತ್ತದೆ, ಇಲ್ಲವಾದರೆ ಪರಿಚಯದ ಮದುವೆ ಫೋಟೊಗ್ರಾಫರನ್ನು ಕೇಳಿ. ಹಳೇದು, ಹೊಸದು ಎರಡನ್ನೂ ಒಂದೇ ಆಟಕ್ಕೆ ಒಯ್ಯಿರಿ. ಒಂದೇ ಶಟರ್, ಒಂದೇ ಅಪರ್ಚರ್, ಒಂದೇ ಐಎಸ್‌ಒ ಇಟ್ಟು ಒಂದರಲ್ಲಿ ಐವತ್ತು, ಇನ್ನೊಂದರಲ್ಲಿ ಐವತ್ತು ಹೊಡೆಯಿರಿ. ಮನೆಗೆ ಬಂದು ಅದೇ ಮೂರು ರಾಶಿ ಮಾಡಿ. ನಾನು ಹೀಗೆ ಮಾಡಿದಾಗ ಒಂದು ತಮಾಷೆ ಕಂಡೆ. ಹೊಸ ಕ್ಯಾಮೆರಾದ ಕಣ್ಣು ಹುಡುಕುವ ಫೋಕಸ್ ಸ್ತ್ರೀವೇಷದ ಮುಖಕ್ಕೆ ತಕ್ಷಣ ಅಂಟಿತು. ಬಣ್ಣದ ವೇಷ ಬಂದಾಗ ಎಲ್ಲಿ ಕಣ್ಣು, ಎಲ್ಲಿ ಬಣ್ಣ ಅಂತ ತಿಳಿಯದೆ ಒದ್ದಾಡಿತು. ರಾಕ್ಷಸನ ಮುಂದೆ ನಾನು ಹಳೇ ಪದ್ಧತಿಗೇ ಹೋಗಬೇಕಾಯಿತು.

ಅದೇ ರಾತ್ರಿ ಇನ್ನೊಂದೂ ಗೊತ್ತಾಗುತ್ತದೆ. ಎಲ್‌ಇಡಿ ದೀಪಗಳು ಎಷ್ಟೋ ಕಡೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ. ಮಿರರ್‌ಲೆಸ್‌ನ ಸದ್ದಿಲ್ಲದ ಶಟರ್ ಹಾಕಿದರೆ ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬೀಳಬಹುದು. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ, ಸಾಧ್ಯವಾದಾಗ 1/100ಕ್ಕೆ ಇಳಿಸಿ.

ದುಡ್ಡಿನ ಲೆಕ್ಕ ಕ್ಯಾಮೆರಾ ಬಾಡಿಯ ಬೆಲೆಗೇ ನಿಲ್ಲುವುದಿಲ್ಲ. ಡಿ90ಯಲ್ಲಿ 50 ಎಂಎಂ ಲೆನ್ಸ್ 75ರಷ್ಟು ಹತ್ತಿರ ತೋರಿಸುತ್ತಿತ್ತು. ಫುಲ್‌ಫ್ರೇಮಲ್ಲಿ ಅದು ಬರೀ 50. ಅದೇ ಜಾಗದಲ್ಲಿ ಕೂತು ಅದೇ ಚೌಕಟ್ಟು ಬೇಕಾದರೆ 85 ಎಂಎಂ ಎಫ್/1.8 ಕೊಳ್ಳಬೇಕು. ಡಿ750ಗೆ ಹಳೇ ಡಿಎಕ್ಸ್ (ಚಿಕ್ಕ ಸೆನ್ಸರಿಗೆ ಮಾಡಿದ) ಲೆನ್ಸ್ ಹಾಕಬಹುದು, ಆದರೆ 24 ಮೆಗಾಪಿಕ್ಸೆಲ್ ಕತ್ತರಿಸಿ 10ರಷ್ಟಾಗುತ್ತದೆ. ಕ್ಯಾನನ್ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗಂತೂ ಅಂಥದೇ ಇಎಫ್-ಎಸ್ ಲೆನ್ಸ್ ಕೂರುವುದೇ ಇಲ್ಲ. ನಿಕಾನ್ ಝಡ್ ಸಾಲಿನ ಮಿರರ್‌ಲೆಸ್‌ಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ 1.8ಜಿಗೆ ಆಟೊಫೋಕಸ್ ಇದೆ, 1.8ಡಿಗೆ ಇಲ್ಲ. ಬಾಡಿ, ಲೆನ್ಸ್, ಅಡಾಪ್ಟರ್, ಎರಡನೇ ಬ್ಯಾಟರಿ, ಕಾರ್ಡು ಎಲ್ಲ ಒಂದು ಚೀಟಿಯಲ್ಲಿ ಬರೆದು ಕೂಡಿ, ಆಮೇಲೆ ಮನೆಯಲ್ಲಿ ಮಾತೆತ್ತಿ.

ಸೆಕೆಂಡ್‌ಹ್ಯಾಂಡ್ ಆದರೆ ಇಷ್ಟು ನೋಡಿ

ನಾನು ಕೊಂಡದ್ದು ಹಳೇ ಡಿ750ಯೇ. ಹೊಸದಕ್ಕೆ ಜೇಬು ಒಪ್ಪಲಿಲ್ಲ. ಶಟರ್ ಎಷ್ಟು ಸಲ ಬಡಿದಿದೆ ಅಂತ ಕೇಳಿ, ನಿಕಾನ್ ಆದರೆ ಎದುರಿಗೇ ಒಂದು ಫೋಟೊ ತೆಗೆದು ಫೈಲಿನ ಎಕ್ಸಿಫ್‌ನಲ್ಲಿ (ಫೋಟೊ ಜೊತೆ ದಾಖಲಾಗುವ ಮಾಹಿತಿ) ಪರೀಕ್ಷೆ ಮಾಡಿ. ಡಿ90ಯ ಶಟರನ್ನು ಒಂದು ಲಕ್ಷ, ಡಿ750ಯದ್ದನ್ನು ಒಂದೂವರೆ ಲಕ್ಷ ಬಡಿತಕ್ಕೆ ಪರೀಕ್ಷಿಸಿದ್ದಾರೆ. ದಾಟಿದ ತಕ್ಷಣ ಸಾಯುತ್ತದೆ ಅಂತಲ್ಲ, ಬೆಲೆ ಇಳಿಸಲು ಅದು ನಿಮ್ಮ ಕೈಯಲ್ಲಿರುವ ಮಾತು. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದರೆ ಸೆನ್ಸರಿನ ಕೊಳೆ ಚುಕ್ಕಿಯಾಗಿ ಕಾಣುತ್ತದೆ.

ಲೆನ್ಸನ್ನು ಮಾತ್ರ ಟಾರ್ಚ್ ಹಾಕಿಯೇ ನೋಡಿ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನಲ್ಲಿ ಕೂತ ಲೆನ್ಸಿಗೆ ಬೂಸ್ಟು ಹಿಡಿಯದೆ ಇರುವುದೇ ಆಶ್ಚರ್ಯ. ಒಂದು ಅಂಗಡಿಯಲ್ಲಿ "ಬರೀ ಧೂಳು" ಅಂದಿದ್ದನ್ನು ನಂಬಿ 85 ಎಂಎಂ ತಂದೆ. ಮನೆಯಲ್ಲಿ ಟಾರ್ಚ್ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬಿಳಿ ಬೇರು! ದೀಪ ಎದುರಿಗಿದ್ದ ಫೋಟೊಗಳೆಲ್ಲ ಹೊಗೆ ಹೊಗೆ. ಈಗ ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ಡಿ90ಯನ್ನು ಮಾರಲಿಲ್ಲ. ಕೊಳ್ಳುವವರು ಕೊಡುತ್ತೇನೆ ಅಂದ ದುಡ್ಡು ಒಂದು ಒಳ್ಳೆ ಊಟಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. 35 ಎಂಎಂ ಎಫ್/1.8 ಹಾಕಿ ಅದನ್ನು ಚೌಕಿಗೆ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಮೀಸಲಿಟ್ಟೆ. ಅಲ್ಲಿ ವೇಷದವರು ಕನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಕೂತು ಬಣ್ಣ ಬರೆಯುತ್ತಾರೆ. ಐಎಸ್‌ಒ 1600, 1/100. ಕಡ್ಡಿಯ ತುದಿಯಿಂದ ಚಿಟ್ಟಿ ಮುಖಕ್ಕೆ ಇಳಿಯುವುದು ಕೂಡ ಚೊಕ್ಕವಾಗಿ ಸಿಗುತ್ತದೆ.